ಒಂದನೆಯ ತರಗತಿಗೂ ಮೊದಲು

ಗಡಿನಾಡಿನ ಕನ್ನಡ ಶಾಲೆಗಳ ಕುರಿತ ಚರ್ಚೆ ಸಾಮಾನ್ಯವಾಗಿ ಒಂದನೆಯ ತರಗತಿಯಿಂದ ಆರಂಭವಾಗುತ್ತದೆ. ದಾಖಲಾತಿ ಎಷ್ಟು, ಖಾಲಿ ಉಳಿದ ಶಿಕ್ಷಕರ ಹುದ್ದೆಗಳೆಷ್ಟು, ಪಠ್ಯಪುಸ್ತಕ ಸಕಾಲಕ್ಕೆ ಬಂದಿತೇ ಎಂಬ ಪ್ರಶ್ನೆಗಳು ಸಭೆಗಳಲ್ಲಿಯೂ ಮನವಿಪತ್ರಗಳಲ್ಲಿಯೂ ಮರಳಿ ಮರಳಿ ಬರುತ್ತವೆ. ಅವು ಅಗತ್ಯವಾದ ಪ್ರಶ್ನೆಗಳೇ. ಆದರೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಬಡಮನೆಯ ಮಗುವಿನ ಮಟ್ಟಿಗೆ ಬಹುಪಾಲು ನಿರ್ಧಾರ ಅದಕ್ಕಿಂತ ಮೂರು ವರ್ಷ ಮೊದಲೇ ಆಗಿರುತ್ತದೆ. ಮೂರರಿಂದ ಆರು ವರ್ಷದ ನಡುವೆ ಆ ಮಗು ಎಲ್ಲಿತ್ತು, ಯಾರ ಕೈಯಲ್ಲಿತ್ತು, ಯಾವ ಮಾತನ್ನು ಕೇಳುತ್ತಿತ್ತು ಎಂದು ವಿಚಾರಿಸುವವರು ವಿರಳ. 'ಮೂರು ವರ್ಷದ ಬುದ್ಧಿ ನೂರು ವರ್ಷದವರೆಗೆ' ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಅದಕ್ಕೆ ತಕ್ಕ ವ್ಯವಸ್ಥೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಾನೂನು ಕೂಡ ಈ ಮೂರು ವರ್ಷಗಳ ಹೊಸ್ತಿಲಲ್ಲೇ ನಿಂತಿದೆ. 2002ರ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರು ವರ್ಷದೊಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣವನ್ನು ಅದೇ ತಿದ್ದುಪಡಿ 45ನೆಯ ವಿಧಿಯಲ್ಲಿ, ಅಂದರೆ ರಾಜ್ಯವು ಪ್ರಯತ್ನಿಸಬೇಕಾದ ಸಂಗತಿಗಳ ಸಾಲಿನಲ್ಲಿ ಉಳಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೆಯ ಪ್ರಕರಣದ ಪ್ರಕಾರ ಸರ್ಕಾರವು ಶಾಲಾಪೂರ್ವ ಶಿಕ್ಷಣಕ್ಕೆ ಏರ್ಪಾಡು ಮಾಡಬಹುದು, ಮಾಡಲೇಬೇಕೆಂದಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಭರವಸೆ ನೀಡುವ 350ಎ ವಿಧಿಯೂ ಪ್ರಾಥಮಿಕ ಹಂತದ ಮಾತನ್ನಷ್ಟೇ ಆಡುತ್ತದೆ. ಹೀಗೆ ಗಡಿನಾಡಿನ ಮೂರು ವರ್ಷದ ಕನ್ನಡ ಮಗು ಶಿಕ್ಷಣದ ಹಕ್ಕಿನಿಂದಲೂ ಭಾಷೆಯ ರಕ್ಷಣೆಯಿಂದಲೂ ಏಕಕಾಲಕ್ಕೆ ಹೊರಗುಳಿಯುತ್ತದೆ.

ಅನುಕೂಲಸ್ಥರು ಈ ಕೊರತೆಯನ್ನು ಹಣದಿಂದ ತುಂಬಿಕೊಳ್ಳುತ್ತಾರೆ. ಪೇಟೆಯ ಇಂಗ್ಲಿಷ್ ನರ್ಸರಿಯ ಬಸ್ಸು ಅವರ ಮನೆಬಾಗಿಲಿಗೇ ಬರುತ್ತದೆ. ಉಳಿದವರ ಪಾಲಿಗೆ ಇರುವುದು ಅಂಗನವಾಡಿಯೊಂದೇ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ ಮುಂತಾದ ಆರು ಸೇವೆಗಳನ್ನು ಅದಕ್ಕೆ ವಹಿಸಿದೆ. ಶಾಲಾಪೂರ್ವ ಶಿಕ್ಷಣ ಅವುಗಳಲ್ಲಿ ಒಂದು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಇಷ್ಟನ್ನೂ ನಿಭಾಯಿಸಬೇಕು. ತೂಕ ನೋಡಿ, ಊಟ ಬಡಿಸಿ, ಮೊಬೈಲಿನಲ್ಲಿ ಮಾಹಿತಿ ತುಂಬಿದ ಮೇಲೆ ಕಥೆ ಹೇಳುವುದಕ್ಕೆ ಉಳಿಯುವ ಹೊತ್ತು ಅಲ್ಪ. ಆಕೆಗೆ ಸಿಗುವುದು ವೇತನವಲ್ಲ, ಗೌರವಧನ. ಗ್ರಾಚ್ಯುಟಿಗೆ ಆಕೆ ಅರ್ಹಳೆಂಬುದನ್ನು ಸ್ಥಾಪಿಸಲು 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೇ ಬೇಕಾಯಿತು. ಅಂಗನವಾಡಿಯ ಗುಣಮಟ್ಟವನ್ನು ದೂರುವವರು ಮೊದಲು ಈ ಲೆಕ್ಕವನ್ನು ನೋಡಬೇಕು.

ಗುಳೆ ಹೋಗುವ ಕುಟುಂಬಗಳ ಸ್ಥಿತಿ ಇನ್ನೂ ಕಠಿಣ. ದೀಪಾವಳಿಯ ಆಸುಪಾಸಿನಲ್ಲಿ ಜತ್ತದ ಬರಪೀಡಿತ ಊರುಗಳಿಂದಲೂ ವಿಜಯಪುರದ ಕಡೆಯಿಂದಲೂ ಜನ ಮುಂಗಡ ಹಣ ಪಡೆದು ಕಬ್ಬು ಕಡಿಯಲು ಹೊರಡುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು 'ಕೊಯ್ತಾ' ಎಂದು ಎಣಿಸುವ ಆ ಲೆಕ್ಕದಲ್ಲಿ ಮಗುವಿಗೆ ಸ್ಥಾನವಿಲ್ಲ. ಬೆಳಗು ಹರಿಯುವ ಮುನ್ನ ತಾಯಿ ಗದ್ದೆಗೆ ಇಳಿದರೆ ಕೂಸು ಗುಡಿಸಲಿನಲ್ಲಿ ಅಕ್ಕನ ಮಡಿಲಲ್ಲಿ ಉಳಿಯುತ್ತದೆ. ಆ ಅಕ್ಕನ ಶಾಲೆಯೂ ಅಲ್ಲಿಗೆ ನಿಲ್ಲುತ್ತದೆ. ಮಹಾರಾಷ್ಟ್ರದಲ್ಲಿ ಕಾರ್ಖಾನೆಗಳ ಬಳಿ ನಡೆದ ಸಕ್ಕರೆ ಶಾಲೆಗಳೂ ಕಬ್ಬು ಕಡಿಯುವವರ ಮಕ್ಕಳಿಗೆಂದು ತೆರೆದ ವಸತಿಗೃಹಗಳೂ ಸ್ತುತ್ಯವೇ. ಆದರೆ ಅವು ಶಾಲೆಯ ವಯಸ್ಸಿನವರಿಗೆ. ಮೂರು ವರ್ಷದ ಮಗುವನ್ನು ವಸತಿಗೃಹದಲ್ಲಿ ಬಿಡಲಾಗದು. ಅದು ತಾಯಿಯ ಹಿಂದೆಯೇ ಹೋಗಬೇಕು. ಹೋದಲ್ಲಿ ಅಂಗನವಾಡಿ ಇರಬೇಕು.

ಸೊಲ್ಲಾಪುರದ ಬೀಡಿ ಕಟ್ಟುವ ತಾಯಿ ಮನೆಯಲ್ಲೇ ಇರುತ್ತಾಳೆ, ನಿಜ. ಆದರೆ ಸಾವಿರಕ್ಕಿಷ್ಟು ಎಂದು ಕೂಲಿ ಎಣಿಸುವ ಕೆಲಸದಲ್ಲಿ ಆಕೆಯ ಕಣ್ಣಿಗೂ ಕೈಗೂ ಬಿಡುವಿಲ್ಲ. ತಾಯಿ ಮನೆಯಲ್ಲಿದ್ದಾಳೆಂಬ ಕಾರಣಕ್ಕೆ ಶಿಶುಶಿಕ್ಷಣ ಬೇಡವೆನ್ನುವವರು ಆ ಮನೆಯೊಳಗೆ ಇಣುಕಿ ನೋಡಿದವರಲ್ಲ.

ಇದರ ಮೇಲೆ ಭಾಷೆಯ ತೊಡಕು. ಕನ್ನಡ ಊರಿನ ಕಾರ್ಯಕರ್ತೆ ಕನ್ನಡವನ್ನೇ ಆಡಬಹುದು. ಆದರೆ ಇಲಾಖೆಯ ತರಬೇತಿ, ಕೈಪಿಡಿ, ದಾಖಲೆಗಳ ಭಾಷೆ ಮರಾಠಿ. ಮರಾಠಿ ನೆಲದಲ್ಲಿ ಬಾಳಬೇಕಾದ ಮಗುವಿಗೆ ಮೊದಲಿನಿಂದಲೇ ಮರಾಠಿ ಬೇಡವೇ ಎಂಬ ಆಕ್ಷೇಪ ಬರುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ಮಗುವಿಗೆ ಮರಾಠಿ ಬೇಕು, ಮುಂದೆ ಇಂಗ್ಲಿಷೂ ಬೇಕು. ಆದರೆ ಅರ್ಥವಾಗದ ಮಾತಿನಲ್ಲಿ ಎಣಿಕೆ ಕಲಿಸಿದರೆ ನಾಲ್ಕು ವರ್ಷದ ಮಗು ಕಲಿಯುವುದು ಸುಮ್ಮನೆ ಕೂರುವುದನ್ನು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಸಾಧ್ಯವಿದ್ದಲ್ಲೆಲ್ಲ ಮನೆಮಾತಿನ ಬೋಧನೆಯನ್ನು ಹೇಳಿದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ಊರಿನಲ್ಲಿದ್ದು, ಅದರ ಪಕ್ಕದ ಅಂಗನವಾಡಿಯಲ್ಲಿ ಒಂದೂ ಕನ್ನಡ ಚಿತ್ರಪುಸ್ತಕ ಇಲ್ಲವಾದರೆ ಆ ನೀತಿಗೆ ಅರ್ಥವಿಲ್ಲ. ಅಂಥ ಶಾಲೆಯ ದಾಖಲಾತಿ ಕುಗ್ಗಿದರೆ ಆಶ್ಚರ್ಯವೂ ಇಲ್ಲ.

ಇದೇ ನ್ಯಾಯ ಗಡಿಯ ಆಚೆಗೂ ಸಲ್ಲಬೇಕು. ಕರ್ನಾಟಕದ ಕಬ್ಬಿನ ಗದ್ದೆಗೆ ಬರುವ ಮರಾಠಿ ಕೂಸಿಗೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬರುವ ಹಿಂದಿ, ಒಡಿಯಾ, ತೆಲುಗು ಮನೆಗಳ ಕೂಸಿಗೂ ಅದು ಅನ್ವಯಿಸದಿದ್ದರೆ ಇಲ್ಲಿನ ಬೇಡಿಕೆ ಬರಿಯ ಅಭಿಮಾನವಾಗಿ ಉಳಿಯುತ್ತದೆ.

ದಾರಿ ಹೊಸದಾಗಿ ಕಾಣಬೇಕಾದುದೇನೂ ಇಲ್ಲ. 1945ರಲ್ಲಿ ತಾರಾಬಾಯಿ ಮೋಡಕ್ ಅವರು ಇದೇ ರಾಜ್ಯದ ಕರಾವಳಿಯ ಬೋರ್ಡಿಯಲ್ಲಿ ಗ್ರಾಮೀಣ ಬಾಲಶಿಕ್ಷಣವನ್ನು ಆರಂಭಿಸಿದರು. ಅನುತಾಯಿ ವಾಘ್ ಅವರ ಜೊತೆಗೂಡಿದರು. ಬಡ ಮಕ್ಕಳು ಬಾಲವಾಡಿಗೆ ಬರಲಾರರೆಂದು ಕಂಡಾಗ ಅವರು ಬಾಲವಾಡಿಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಪದದೊಳಗೆ ಇಂದಿಗೂ ಆ ಅಂಗಳವಿದೆ. ಈಗ ಆ ಅಂಗಳ ಕಬ್ಬಿನ ಗದ್ದೆಯ ಅಂಚಿಗೆ ಹೋಗಬೇಕಾಗಿದೆ. ಕಬ್ಬು ನುರಿಸುವ ಹಂಗಾಮಿನ ಅಷ್ಟೂ ತಿಂಗಳು ಬಿಡಾರಗಳಲ್ಲಿ ಶಿಶುಕೇಂದ್ರ ನಡೆಸುವುದನ್ನು ಕಾರ್ಖಾನೆಗಳ ಪರವಾನಗಿಯ ಷರತ್ತಾಗಿಸಬಹುದು. ಗುಳೆ ಬಂದ ಗುಂಪಿನೊಳಗಿನ ಓದಬಲ್ಲ ಹೆಣ್ಣುಮಗಳೊಬ್ಬಳಿಗೇ ಕೂಲಿಗೆ ಸಮನಾದ ಸಂಬಳ ಕೊಟ್ಟು ಅದನ್ನು ವಹಿಸಿದರೆ ಭಾಷೆಯ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ಕನ್ನಡ ಊರುಗಳ ಅಂಗನವಾಡಿಗೆ ಕನ್ನಡ ಕೈಪಿಡಿ, ಚಿತ್ರಪಟಗಳನ್ನು ಒದಗಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ.

ಗಡಿನಾಡಿನ ಕಾಲೇಜುಗಳ ಕನ್ನಡ ವಿಭಾಗಗಳಿಗೂ ಇಲ್ಲಿ ಪಾಲಿದೆ. ಅಜ್ಜಿಯರ ಬಾಯಲ್ಲಿರುವ ಜೋಗುಳ, ಒಗಟು, ಆಟದ ಹಾಡುಗಳನ್ನು ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ಸಂಗ್ರಹಿಸುತ್ತಲೇ ಇದ್ದಾರೆ. ಆ ಸಂಗ್ರಹ ಕಪಾಟಿನಲ್ಲಿ ಉಳಿಯದೆ, ಈ ಸೀಮೆಯ ಆಡುಮಾತಿನಲ್ಲೇ ಚಿತ್ರಸಹಿತ ಪುಸ್ತಿಕೆಯಾಗಿ ಹತ್ತಿರದ ಅಂಗನವಾಡಿಗೆ ತಲುಪಬೇಕು. ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿನಿ ಅಲ್ಲಿ ಕುಳಿತು ಕಥೆ ಹೇಳಬೇಕು. ಪದವಿ ತರಗತಿಯ ಕನ್ನಡದ ಬೆಂಚುಗಳು ಮುಂದೆಯೂ ತುಂಬಿರಬೇಕಾದರೆ ಇಂದು ಅಂಗನವಾಡಿಯ ಚಾಪೆಯ ಮೇಲೆ ಕುಳಿತಿರುವ ಮಕ್ಕಳನ್ನು ವಿಭಾಗಗಳು ತಮ್ಮವರೆಂದು ಎಣಿಸಬೇಕು.