ಕಾರಣದ ಕಾಲಂನಲ್ಲಿ ಕೊಳ್ಳಿದೆವ್ವ

ಸಾಫ್ಟ್‌ವೇರ್ ಸಪೋರ್ಟ್‌ನಲ್ಲಿ ಸ್ವಲ್ಪ ದಿನ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತಿರುತ್ತೆ. ಯಾರೋ ಫೋನ್ ಮಾಡಿ 'ಸ್ಕ್ರೀನ್ ಮೇಲೆ ಹೀಗ್ಹೀಗೆ ಬಂತು, ಆಮೇಲೆ ಮಾಯ ಆಯ್ತು' ಅಂತಾರೆ. ಲಾಗ್ ತೆರೆದು ನೋಡಿದರೆ ಏನೂ ಇಲ್ಲ. ಟಿಕೆಟ್ ಮಾತ್ರ ತೆರೆದೇ ಇದೆ. 'ಕಾರಣ' ಅನ್ನೋ ಕಾಲಂ ತುಂಬದೆ ಅದು ಕ್ಲೋಸ್ ಆಗಲ್ಲ. ಆಗ ಬಹಳ ಕಡೆ ಬೀಳುವ ಉತ್ತರ ಒಂದೇ: 'ನೆಟ್‌ವರ್ಕ್ ಸಮಸ್ಯೆ'. ಅದು ನಿಜವೂ ಇರಬಹುದು. ಆದರೆ ಯಾರೂ ಪರೀಕ್ಷೆ ಮಾಡಿರಲ್ಲ.

ಇಂಥದ್ದೇ ಟಿಕೆಟ್‌ಗಳನ್ನು ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ ನೋಡಿಕೊಂಡಿತ್ತು. ಜನ ಆಕಾಶದಲ್ಲಿ ಕಂಡೆವೆಂದು ಹೇಳಿದ ಹಾರುವ ತಟ್ಟೆಗಳ ಟಿಕೆಟ್‌ಗಳು. 1952ರಿಂದ ಆ ವಿಭಾಗದ ಹೆಸರು ಪ್ರಾಜೆಕ್ಟ್ ಬ್ಲೂ ಬುಕ್. ಒಹಾಯೋ ರಾಜ್ಯದ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿ ಒಬ್ಬ ಅಧಿಕಾರಿ, ಬೆರಳೆಣಿಕೆಯ ಸಿಬ್ಬಂದಿ, ಜೊತೆಗೆ ಸಲಹೆಗಾರನಾಗಿ ಒಬ್ಬ ಖಗೋಳ ವಿಜ್ಞಾನಿ, ಡಾ. ಜೆ. ಅಲೆನ್ ಹೈನೆಕ್. ದೇಶದ ಯಾವ ಮೂಲೆಯಿಂದ ದೂರು ಬಂದರೂ ಇವರ ಟೇಬಲ್‌ಗೇ ಬರಬೇಕು. ಇನ್ನೊಂದು ವಿಚಾರ: 'ಗುರುತು ಸಿಗದವು' ಅನ್ನೋ ಪಟ್ಟಿಯನ್ನು ಆದಷ್ಟು ಚಿಕ್ಕದಾಗಿಡಬೇಕು ಅಂತ 1950ರ ದಶಕದ ವಾಯುಪಡೆಯ ನಿಯಮದಲ್ಲೇ ಇತ್ತು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ, ಅದೊಂದು ಟಾರ್ಗೆಟ್.

ಆ ಟಾರ್ಗೆಟ್ ಒಂದು ಸಂಸಾರದ ತಲೆ ಮೇಲೆ ಹೇಗೆ ಬಿತ್ತು ಅಂತ ನೋಡಬೇಕಾದರೆ 1966ರ ಮಾರ್ಚ್ ತಿಂಗಳ ಮಿಷಿಗನ್‌ಗೆ ಹೋಗಬೇಕು.

ಮಾರ್ಚ್ 20, ಭಾನುವಾರ ರಾತ್ರಿ. ಡೆಕ್ಸ್ಟರ್ ಅನ್ನೋ ಸಣ್ಣ ಊರಿನ ಹೊರಗೆ, ಜೌಗು ನೆಲದ ಪಕ್ಕ ಒಂದು ತೋಟದ ಮನೆ. ಮನೆ ಯಜಮಾನ ಟ್ರಕ್ ಡ್ರೈವರ್. ಜೌಗಿನ ಕಡೆ ಬೆಳಕು ಕಂಡು ಅವನೂ ಮಗನೂ ಆ ಕತ್ತಲಲ್ಲೇ ಹತ್ತಿರ ನೋಡಿಕೊಂಡು ಬರೋಣ ಅಂತ ಹೋದರು. ಕಂಡದ್ದು ಒಂದು ವಸ್ತು, ಮೈಯೆಲ್ಲ ಹವಳದ ಬಂಡೆಯ ಹಾಗೆ ಒರಟು, ತುದಿಗಳಲ್ಲಿ ಬಣ್ಣ ಬದಲಿಸುವ ದೀಪ. ಇವರು ಹತ್ತಿರ ಹೋಗುವಷ್ಟರಲ್ಲಿ ಇಲ್ಲ. ಪೊಲೀಸರೂ ಬಂದರು, ಅವರಲ್ಲೂ ಕೆಲವರು ಬೆಳಕು ಕಂಡೆವು ಅಂದರು. ಮರುದಿನ ರಾತ್ರಿ ಅದೇ ರಾಜ್ಯದ ಹಿಲ್ಸ್‌ಡೇಲ್ ಕಾಲೇಜಿನ ಹಾಸ್ಟೆಲ್ ಕಿಟಕಿಗಳಿಂದ 87 ವಿದ್ಯಾರ್ಥಿನಿಯರು ಹತ್ತಿರದ ಜೌಗಿನ ಮೇಲೆ ಬೆಳಕು ನೋಡಿದರು. ಅಲ್ಲಿನ ನಾಗರಿಕ ರಕ್ಷಣಾ ಅಧಿಕಾರಿಯೂ ನೋಡಿದರು. ಇಷ್ಟಾದ ಮೇಲೆ ದೇಶದ ಪತ್ರಿಕೆಗಳೆಲ್ಲ ಮಿಷಿಗನ್‌ಗೆ ಬಂದು ಇಳಿದವು. ವಾಯುಪಡೆ ಹೈನೆಕ್‌ರನ್ನು ಕಳಿಸಿತು.

ಹೈನೆಕ್ ಬಂದಾಗ ಊರಿಗೆ ಊರೇ ಆಕಾಶ ನೋಡ್ತಾ ನಿಂತಿತ್ತು. ಒಂದು ರಾತ್ರಿ ಅವರು ಪೊಲೀಸ್ ಕಾರಿನಲ್ಲಿದ್ದಾಗ ರೇಡಿಯೋದಲ್ಲಿ 'ಅಗೋ, ಅಲ್ಲಿದೆ' ಅಂತ ಗಲಾಟೆ. ಕಾರುಗಳು ಒಂದರ ಹಿಂದೆ ಒಂದು ಓಡಿ ಒಂದು ಕ್ರಾಸ್‌ನಲ್ಲಿ ಸೇರಿದವು. ಪೊಲೀಸರು ಇಳಿದು ಬೆರಳು ತೋರಿಸಿದ್ದು ಆರ್ಕ್‌ಟುರಸ್ ಕಡೆಗೆ. ನಮ್ಮಲ್ಲಿ ಅದಕ್ಕೆ ಸ್ವಾತಿ ನಕ್ಷತ್ರ ಅಂತಾರೆ. (ಬೇಸಿಗೆಯಲ್ಲಿ ಕರೆಂಟ್ ಹೋದ ರಾತ್ರಿ ಟೆರೇಸ್ ಹತ್ತಿದರೆ ನೀವೂ ನೋಡಬಹುದು, ಸ್ವಲ್ಪ ಕಿತ್ತಳೆ ಬಣ್ಣಕ್ಕೆ ಹೊಳೀತಾ ಇರುತ್ತೆ.) ಹೆದರಿದ ಕಣ್ಣು ಏನು ಬೇಕಾದರೂ ಕಾಣುತ್ತೆ ಅನ್ನೋದಕ್ಕೆ ಆ ಮನುಷ್ಯನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೆ ಡೆಕ್ಸ್ಟರ್‌ನ ಅಪ್ಪ-ಮಗ ನೋಡಿದ್ದು ಆಕಾಶದಲ್ಲಲ್ಲ, ನೆಲದ ಹತ್ತಿರ. ಅದಕ್ಕೆ ನಕ್ಷತ್ರ ಸಾಲದು. ಹೈನೆಕ್‌ಗೆ ಸಿಕ್ಕಿದ್ದು ಎರಡು-ಮೂರು ದಿನ. ಮಾರ್ಚ್ 25ರಂದು ಡೆಟ್ರಾಯಿಟ್ ಪ್ರೆಸ್ ಕ್ಲಬ್‌ನಲ್ಲಿ ಕಿಕ್ಕಿರಿದ ಪತ್ರಿಕಾಗೋಷ್ಠಿ. ಚಳಿಗಾಲವಿಡೀ ಹಿಮದಡಿ ಕೊಳೆತ ಗಿಡಗಂಟಿಯ ಅನಿಲ ಮಾರ್ಚ್‌ನಲ್ಲಿ ಮಂಜು ಕರಗಿದಾಗ ಮೇಲೆ ಬರುತ್ತೆ, ಕೆಲವೊಮ್ಮೆ ತಾನೇ ಹೊತ್ತಿಕೊಳ್ಳುತ್ತೆ, ಇಲ್ಲಿ ಆರಿ ಅಲ್ಲಿ ಹತ್ತುವುದರಿಂದ ಚಲಿಸಿದ ಹಾಗೆ ಕಾಣುತ್ತೆ ಅಂತ ಅವರು ವಿವರಿಸಿದರು. ಇದು ಡೆಕ್ಸ್ಟರ್ ಮತ್ತು ಹಿಲ್ಸ್‌ಡೇಲ್‌ಗೆ ಮಾತ್ರ, ಎಲ್ಲ ಘಟನೆಗಳಿಗೂ ಅಲ್ಲ ಅಂದರು. ಕೋರ್ಟಿನಲ್ಲಿ ಸಾಬೀತು ಮಾಡೋ ಹಾಗೆ ಹೇಳ್ತಿಲ್ಲ ಅಂತಲೂ ಸೇರಿಸಿದರು. ಯಾರು ಕೇಳ್ತಾರೆ? ಮರುದಿನ ದೇಶವೆಲ್ಲ ಓದಿದ್ದು ಎರಡೇ ಶಬ್ದ: 'ಸ್ವಾಂಪ್ ಗ್ಯಾಸ್'.

ನಮ್ಮ ಕಡೆಯವರಿಗೆ ಈ ವಿವರಣೆ ಹೊಸದಲ್ಲ. ಕೆರೆ ಬಯಲು, ಗದ್ದೆ, ಸ್ಮಶಾನದ ಹತ್ತಿರ ರಾತ್ರಿ ಕಾಣುವ ಬೆಳಕಿಗೆ ಹಳ್ಳಿಗಳಲ್ಲಿ ಕೊಳ್ಳಿದೆವ್ವ ಅಂತಾರೆ. ಶಾಲೆ ಮೇಷ್ಟ್ರು 'ದೆವ್ವ ಅಲ್ಲ ಕಣ್ರೋ, ಅದು ಮೀಥೇನ್' ಅಂತ ಹೇಳಿಕೊಡ್ತಾರೆ. ಅಂದ್ರೆ ಅಮೆರಿಕದ ವಾಯುಪಡೆ ಅಧಿಕೃತ ತನಿಖೆ ಮಾಡಿ, ಕೊನೆಗೆ 'ನೀವು ನೋಡಿದ್ದು ಕೊಳ್ಳಿದೆವ್ವ' ಅಂತ ಹೇಳಿದ ಹಾಗಾಯ್ತು. ತಮಾಷೆ ಏನಪ್ಪಾ ಅಂದ್ರೆ, ನಮ್ಮೂರಲ್ಲಿ ಕೊಳ್ಳಿದೆವ್ವ ಕಂಡೆ ಅಂದವನ ಮಾತು ಕೇಳಲು ಜನ ಜಗಲಿ ಮೇಲೆ ಸುತ್ತ ಕೂರ್ತಾರೆ. ಅಲ್ಲಿ ಅವನನ್ನು ನೋಡಿ ನಕ್ಕರು.

ಆ ಡ್ರೈವರ್ ಮನೆ ಮುಂದೆ ಕಾರುಗಳ ಸಾಲು, ನೋಡಲು ಬಂದವರ ಗುಂಪು, ಗೇಲಿ. ತಾನು ಸಾಧಾರಣ ಮನುಷ್ಯ, ಆದರೆ ನೋಡಿದ್ದು ನೋಡಿದ್ದೇ, ಅದು ಬೆಳಕಿನ ಭ್ರಮೆಯಲ್ಲ, ವಸ್ತು ಅಂತ ಅವನು ಹೇಳ್ತಾನೇ ಇದ್ದ. ದೂರು ಕೊಟ್ಟವನಿಗೆ ಬಂದ ಲಾಭ ಇಷ್ಟು.

ಅದು ಬೇರೆ ಲೋಕದ ವಾಹನ ಅಂತ ನಾನೇನೂ ನಂಬಲ್ಲ. ಹೈನೆಕ್ ಊಹೆ ಸರಿಯೇ ಇದ್ದಿರಬಹುದು. ಊಹೆಯನ್ನು ಊಹೆ ಅಂತ ಹೇಳಿ ಫೈಲ್ ತೆರೆದಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಐದನೇ ದಿನಕ್ಕೇ ಕಾರಣದ ಕಾಲಂ ತುಂಬಿ ಮೈಕ್ ಮುಂದೆ ಓದಿದ್ದು ನನಗೆ ಸರಿ ಕಾಣಲ್ಲ.

ಜನಕ್ಕೂ ಸರಿ ಕಾಣಲಿಲ್ಲ. ಮಿಷಿಗನ್‌ನ ಸಂಸದ ಜೆರಾಲ್ಡ್ ಫೋರ್ಡ್ (ಹೌದು, ಮುಂದೆ ಅಧ್ಯಕ್ಷರಾದವರು) ಸಂಸತ್ತಿನ ವಿಚಾರಣೆ ಆಗಬೇಕು, ಜನರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗಬೇಕು ಅಂತ ಪತ್ರ ಬರೆದರು. ಏಪ್ರಿಲ್ 5ರಂದು ಸಶಸ್ತ್ರ ಪಡೆಗಳ ಸಮಿತಿ ವಿಚಾರಣೆ ನಡೆಸಿತು. ಹೈನೆಕ್ ಅಲ್ಲಿ ಹೊರಗಿನ ವಿಜ್ಞಾನಿಗಳಿಂದ ಸರಿಯಾದ ಅಧ್ಯಯನ ಆಗಲಿ ಅಂದರು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ಅವರ ತಂಡಕ್ಕೆ ವಾಯುಪಡೆ ಆ ಕೆಲಸ ಕೊಟ್ಟಿತು. 1969ರ ಆರಂಭದಲ್ಲಿ ಬಂದ ವರದಿ, ಇನ್ನು ಇದನ್ನು ಅಧ್ಯಯನ ಮಾಡಿ ವಿಜ್ಞಾನಕ್ಕೆ ಲಾಭವಿಲ್ಲ ಅಂದಿತು. ಅದೇ ವರದಿಯ ಒಳಗೆ ವಿವರಣೆ ಸಿಗದೆ ಉಳಿದ ಪ್ರಕರಣಗಳೂ ಇದ್ದವು. ಓದುವವರು ತೀರ್ಮಾನ ಓದಿದರು, ಒಳಪುಟ ಬಿಟ್ಟರು. ನಮ್ಮ ಆಡಿಟ್ ರಿಪೋರ್ಟ್‌ಗಳ ಗತಿಯೂ ಅದೇ ತಾನೆ.

1969ರ ಡಿಸೆಂಬರ್ 17ರಂದು ಬ್ಲೂ ಬುಕ್ ಮುಚ್ಚುವ ಘೋಷಣೆ ಆಯಿತು. ಒಟ್ಟು ದೂರು 12,618. ಗುರುತು ಸಿಗದವು 701. ಲೆಕ್ಕ ಹಾಕಿದರೆ ನೂರಕ್ಕೆ ಐದೂವರೆ. ಉಳಿದದ್ದೆಲ್ಲ ನಕ್ಷತ್ರ, ವಿಮಾನ, ಬಲೂನ್, 'ಮಾಹಿತಿ ಸಾಲದು', ಹೀಗೆ ಒಂದಲ್ಲ ಒಂದು ಖಾನೆಗೆ ಸೇರಿತು. ನನಗೆ ಈ 701ರ ಬಗ್ಗೆ ಗೌರವ ಇದೆ. 'ಗೊತ್ತಿಲ್ಲ' ಅಂತ ಬರೆದು ಸಹಿ ಹಾಕಲು ಯಾರೋ ಒಬ್ಬರು ಒಪ್ಪಿದ ಫೈಲ್‌ಗಳು ಅವು, ಅದೂ ಟಾರ್ಗೆಟ್ ಕಣ್ಣೆದುರೇ ಇದ್ದಾಗ.

ಹೈನೆಕ್ ಮಾತ್ರ ಮಿಷಿಗನ್‌ನಿಂದ ಬೇರೆ ಮನುಷ್ಯನಾಗಿ ಬಂದರು ಅನ್ನಬೇಕು. ಅದೇ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಗೆ ಪತ್ರ ಬರೆದು, ಇಂಥ ವರದಿಗಳನ್ನು ವಿಜ್ಞಾನಿಗಳು ನಕ್ಕು ತಳ್ಳಬಾರದು ಅಂದರು. 1972ರ ಪುಸ್ತಕದಲ್ಲಿ ವಾಯುಪಡೆಯ ತನಿಖೆಯನ್ನೇ ಟೀಕಿಸಿದರು. 'ಕ್ಲೋಸ್ ಎನ್‌ಕೌಂಟರ್' ಅನ್ನೋ ವರ್ಗೀಕರಣವೂ ಅದೇ ಪುಸ್ತಕದ್ದು. ಸ್ಪೀಲ್‌ಬರ್ಗ್ 1977ರಲ್ಲಿ ಅದನ್ನೇ ಸಿನಿಮಾ ಹೆಸರಾಗಿ ತಗೊಂಡರು. ಕೊನೆಯ ದೃಶ್ಯದ ಗುಂಪಿನಲ್ಲಿ ಗಡ್ಡ, ಪೈಪ್ ಇರುವ ಮುದುಕರೊಬ್ಬರು ಕ್ಷಣ ಕಾಣ್ತಾರೆ. ಅವರೇ ಹೈನೆಕ್.

ಬ್ಲೂ ಬುಕ್‌ನ ಕಡತಗಳು ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಸ್ಕ್ಯಾನ್ ಆದ ಪ್ರತಿಗಳನ್ನು ಫೋನಿನಲ್ಲೇ ಓದಬಹುದು. ಟೈಪ್ ಮಾಡಿದ ಹಾಳೆ, ಕೈಯಲ್ಲಿ ಬಿಡಿಸಿದ ಚಿತ್ರ, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ಚಂದ್ರ ಇದ್ದನೇ, ಎಷ್ಟು ಹೊತ್ತು ಕಂಡಿತು ಅನ್ನುವ ಪ್ರಶ್ನೆಗಳು. ಜನ ತುಂಬಾ ಜೋಪಾನವಾಗಿ ಉತ್ತರ ಬರೆದಿದ್ದಾರೆ.