ತಾಳಿಗೆ ನೆರವು ಸರಿ, ಬಾಳಿನ ಪಾಠ ಯಾರಿಗೆ?

ಹೋದ ಸಲ ತವರೂರು ಕುಬಿಹಾಳಕ್ಕೆ ಹೋಗಿದ್ದೆ. ಸಾಮೂಹಿಕ ವಿವಾಹದಲ್ಲಿ ಮದುವೆಯಾಗಿದ್ದ ನೆರೆಮನೆ ಹುಡುಗಿ ಕೂಸಿನ ಜೊತೆ ತವರಿಗೆ ಬಂದು ಕೂತಿದ್ದಳು. ಅವರವ್ವ, ‘ಒಂದೀಟು ಹೊಂದಿಕೊಂಡು ಹೋಗವಾ’ ಅಂದಳು. ಹುಡುಗಿ, ‘ಮೆಣಸಿನಕಾಯಿ ಬೆಳಿ ಹೋದಾಗಿಂದ ದಿನಾ ಜಗಳ. ನಾ ಒಬ್ಬಾಕಿ ಹೊಂದಿಕೊಂಡ್ರ ಆಗ್ತದೇನು?’ ಎಂದು ಕೇಳಿದಳು.

ನೀವೇ ಹೇಳಿ, ಅವಳ ಪ್ರಶ್ನೆ ತಪ್ಪೇ?

ಮದುವೆಗೆ ನೆರವಾಗುವ ಸರ್ಕಾರ ನಮ್ಮದು. ಮುಜರಾಯಿ ಇಲಾಖೆ 2020ರಲ್ಲಿ ತಂದ ‘ಸಪ್ತಪದಿ’ಯಲ್ಲಿ ವಧುವಿಗೆ 8 ಗ್ರಾಂ ಚಿನ್ನದ ತಾಳಿ ಇತ್ತು. ಬಡವರಿಗೆ ಸಾಲ ತಪ್ಪಿದರೆ ಸಂತೋಷವೇ. ಆದರೆ ಮದುವೆಯ ಮರುದಿನದಿಂದ?

ಅಮೆರಿಕ ಸರ್ಕಾರ ದಾಂಪತ್ಯದ ಪಾಠವನ್ನೇ ಹೇಳಿಸಿ ನೋಡಿತು. ಜೋಡಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ತರಗತಿ ನಡೆಸಿದರು. ಮದುವೆಯಾಗದೆ ತಂದೆತಾಯಿಯಾದ 5 ಸಾವಿರಕ್ಕೂ ಹೆಚ್ಚು ಜೋಡಿಗಳಲ್ಲಿ, ಮೂರು ವರ್ಷದ ನಂತರ ಸಂಬಂಧವೂ ಸುಧಾರಿಸಲಿಲ್ಲ, ಮದುವೆಗಳೂ ಹೆಚ್ಚಲಿಲ್ಲ. ಮದುವೆಯಾಗಿದ್ದ 6 ಸಾವಿರಕ್ಕೂ ಹೆಚ್ಚು ಜೋಡಿಗಳಲ್ಲಿ ಎರಡೂವರೆ ವರ್ಷದ ನಂತರ ಪ್ರೀತಿ, ಆಸರೆ ತುಸು ಹೆಚ್ಚಿತ್ತು, ಚುಚ್ಚುಮಾತು ತುಸು ತಗ್ಗಿತ್ತು. ಆದರೆ ಮುರಿಯುವ ಮದುವೆಗಳೇನೂ ಕಡಿಮೆಯಾಗಲಿಲ್ಲ. ಬರೀ ಪಾಠದಿಂದ ಬಡತನದ ಬೇಗೆ ಆರೀತೇ?

ಹಾಗಂತ ಪಾಠವೇ ಬೇಡ ಅನ್ನುತ್ತಿಲ್ಲ. ಅಲ್ಲಿ ತರಗತಿಗೆ ಗಂಡ, ಹೆಂಡತಿ ಇಬ್ಬರನ್ನೂ ಕರೆದಿದ್ದರು. ಹೊಡೆತ ಬಡಿತ ಇದೆಯೇ ಎಂದು ಮೊದಲೇ ವಿಚಾರಿಸುತ್ತಿದ್ದರು. ನಮ್ಮಲ್ಲಿ ಪಾಠವೆಲ್ಲ ಹೆಣ್ಣಿಗೇ. ಅದೂ ಒಂದೇ ಪಾಠ, ‘ಹೊಂದಿಕೋ’! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಶೇ 44ರಷ್ಟು ಮಂದಿ ಗಂಡನ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದಾರೆ. ಇವರಿಗೂ ಅದೇ ಪಾಠವೇ?

ಸಾಮೂಹಿಕ ವಿವಾಹ ಮಾಡಿಸುವವರು ಅಕ್ಷತೆಗೆ ಮೊದಲು ವಧೂವರರಿಬ್ಬರನ್ನೂ ಅರ್ಧ ದಿನ ಕೂರಿಸಿ ಮಾತಾಡಿಸಲಿ. ದುಡ್ಡು, ದುಡಿಮೆ, ಸಿಟ್ಟು, ಕುಡಿತ ಎಲ್ಲವೂ ಬರಲಿ. ವರ್ಷ ತುಂಬಿದ ಮೇಲೆ ಮತ್ತೊಮ್ಮೆ ಕರೆದು ಹೇಗಿದ್ದೀರಿ ಎಂದು ಕೇಳಲಿ. ಬೆಳೆ ಹೋದ ವರ್ಷ ಕೈಗೆ ಕೆಲಸವೂ ಸಿಗಲಿ.

ನಮ್ಮ ಮನೆಯಿಂದಲೂ ಶುರುಮಾಡೋಣ. ತಿಂಗಳಿಗೊಮ್ಮೆ ಇಬ್ಬರೂ ಕೂತು ಖರ್ಚಿನ ಲೆಕ್ಕ ನೋಡಿ. ಮಗಳಿಗೆ ಹೇಳುವ ಬುದ್ಧಿಮಾತನ್ನು ಮಗನಿಗೂ ಹೇಳಿ. ಹೊಡೆತ ತಿಂದು ಬಂದ ಹುಡುಗಿಗೆ ಮಾತ್ರ ‘ಹೊಂದಿಕೋ’ ಅನ್ನಬೇಡಿ. 181 ಮಹಿಳಾ ಸಹಾಯವಾಣಿಯ ನಂಬರ್ ಕೊಡಿ, ಜೊತೆಗೆ ನಿಲ್ಲಿ. ಸಂಸಾರದ ಬಂಡಿಗೆ ಎರಡು ಗಾಲಿ ಎನ್ನುತ್ತೇವೆ, ಎಣ್ಣೆ ಮಾತ್ರ ಒಂದಕ್ಕೇ ಹಾಕಿದರೆ ಬಂಡಿ ಸಾಗೀತೇ?