ಚಂದ್ರನಲ್ಲಿ ಐದು ಕಿಲೋ ಜೋಳ

ರಾಮದುರ್ಗದ ಸಂತೆಯಲ್ಲಿ ‘ಜೋಳದ ತೂಕ ಐದು ಕಿಲೋ’ ಎಂದರೆ ವ್ಯಾಪಾರಕ್ಕೆ ಅಡ್ಡಿಯಿಲ್ಲ. ಭೌತಶಾಸ್ತ್ರದ ಪರೀಕ್ಷೆಯಲ್ಲಿ ಬರೆದರೆ ತಪ್ಪು. ಕಿಲೋಗ್ರಾಂ ಎಂಬುದು ದ್ರವ್ಯರಾಶಿಯ ಮಾನ. ಆ ರಾಶಿಯನ್ನು ಭೂಮಿ ಸೆಳೆಯುವ ಬಲವೇ ತೂಕ. ಅದರ ಮಾನ ನ್ಯೂಟನ್. ಐದು ಕಿಲೋ ಜೋಳದ ತೂಕ ಸುಮಾರು 49 ನ್ಯೂಟನ್.

2023ರ ಆಗಸ್ಟ್ 23ರಂದು ಇಸ್ರೋದ ವಿಕ್ರಮ್ ನೌಕೆ ಚಂದ್ರನ ಮೇಲಿಳಿಯಿತು. ಅದರಲ್ಲಿದ್ದ ಪ್ರಜ್ಞಾನ್ ಗಾಡಿಯ ದ್ರವ್ಯರಾಶಿ 26 ಕಿಲೋಗ್ರಾಂ. ಇಲ್ಲಿ ಅದರ ತೂಕ ಸುಮಾರು 255 ನ್ಯೂಟನ್. ಚಂದ್ರನ ಸೆಳೆತ ಆರನೆಯ ಒಂದು ಪಾಲಾದ್ದರಿಂದ ಅಲ್ಲಿ ಸುಮಾರು 42. ದ್ರವ್ಯರಾಶಿ ಮಾತ್ರ ಅಲ್ಲಿಯೂ 26 ಕಿಲೋಗ್ರಾಮೇ.

ಪಾಲಕರೇ, ವ್ಯಾಖ್ಯೆ ಬಾಯಿಪಾಠ ಮಾಡಿಸುವ ಬದಲು ಮಕ್ಕಳನ್ನು ಕೇಳಿ: ಐದು ಕಿಲೋ ಜೋಳವನ್ನು ಚಂದ್ರನಿಗೆ ಒಯ್ದರೆ ರೊಟ್ಟಿಗಳು ಕಡಿಮೆಯಾಗುವವೇ? ‘ಇಲ್ಲ, ಚೀಲವಷ್ಟೇ ಹಗುರ’ ಎಂದು ಕಾರಣ ಸಹಿತ ಹೇಳಿದರೆ ಪಾಠ ತಿಳಿದಂತೆ.